ಆರಕ್ಕೆ ನಲವತ್ತೊಂದು

ಲಾರಿಯ ಹಿಂದಿನ ಗಾಲಿಗಳ ನಡುವೆ ಎಷ್ಟು ಹಲ್ಲಿನ ಚಕ್ರ ಇರಬೇಕು ಅನ್ನುವ ವಿಷಯಕ್ಕೆ ಒಂದು ಸಂಸಾರ ಒಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ, ತಲೆ ಕೆಟ್ಟಿದೆಯಾ ನಿನಗೆ, ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿ ಎಂದು ಕಳಿಸುತ್ತಿದ್ದೆ. ನಾನು ಅಂಗನವಾಡಿ ಟೀಚರ್, ಹೆಸರು ಮಹದೇವಮ್ಮ. ಹುಲ್ಲಹಳ್ಳಿ ಹತ್ತಿರದ ನಮ್ಮೂರಿನ ಮಕ್ಕಳಿಗೆ ಮೊಟ್ಟೆ ಬೇಯಿಸಿ ಕೊಟ್ಟು, ಮೂಗು ಒರೆಸಿ, ಅ ಆ ಇ ಈ ಹೇಳಿಕೊಡುವವಳು. ನನ್ನ ಬಾಯಿ ಸ್ವಲ್ಪ ಜೋರು. ಊರೇ ಹೇಳುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ. ಈ ಕ್ರೌನು, ಪಿನಿಯನ್ನು ಎಲ್ಲ ನನಗೆ ಯಾಕೆ ಬೇಕಿತ್ತು ಹೇಳಿ. ಆದರೆ ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮ ಯಜಮಾನರು ದೇವಯ್ಯ. ನಾನು ಅವರನ್ನು ಕರೆಯುವುದು ಹೇಮಂತನಪ್ಪ ಎಂದು. ಹೇಮಂತ ನಮ್ಮ ಹಿರಿಮಗ. ಮಗ ಹೋಗಿ ಇಷ್ಟು ಕಾಲವಾದರೂ ನನ್ನ ಬಾಯಿಗೆ ಬೇರೆ ಹೆಸರು ಬರಲಿಲ್ಲ, ಅವರೂ ಬೇರೆ ಹೆಸರಿಗೆ ತಿರುಗಿ ನೋಡುವುದಿಲ್ಲ.

ಹೇಮಂತ ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದ. ಗಾಡಿ ಅವನದಲ್ಲ, ಯಾರದೋ ಪಿಕಪ್ಪು. ಆ ದಾರಿಯ ಕಷ್ಟ ಏನೆಂದರೆ ಬಂಡೀಪುರದ ಕಾಡು. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಬೆಳಗ್ಗೆ ಆರಕ್ಕೇ ತೆಗೆಯುವುದು. ಒಂಬತ್ತಕ್ಕೆ ಮುಂಚೆ ದಾಟಿದವನ ಬೀನ್ಸು, ಟೊಮೆಟೊ ಬೆಳಗಿನ ಸಂತೆಗೆ ಸಿಗುತ್ತವೆ. ದಾಟದವನದು ಗಾಡಿಯಲ್ಲೇ ಬಾಡುತ್ತದೆ. ಅದಕ್ಕೇ ಸಂಜೆಯಾದ ಮೇಲೆ ಆ ರಸ್ತೆಯಲ್ಲಿ ಪಿಕಪ್ಪುಗಳು ಮೈಮೇಲೆ ಬಂದವರ ಥರ ಓಡುತ್ತವೆ. ಒಂದು ದಿನ ಲೋಡು ತಡವಾಯಿತಂತೆ. ನನ್ನ ಮಗ ಗೇಟು ಮುಟ್ಟಲಿಲ್ಲ, ಹಳ್ಳಕ್ಕೆ ಹೋದ. ಆಗ ಗೇಟು ಇನ್ನೂ ತೆರೆದೇ ಇತ್ತು ಎಂದು ಯಾರೋ ಪುಣ್ಯಾತ್ಮ ಬಂದು ನನಗೆ ಹೇಳಿದ. ಯಾಕೆ ಹೇಳಿದನೋ ಗೊತ್ತಿಲ್ಲ.

ಆಮೇಲೆ ನಮ್ಮ ಯಜಮಾನರ ಮಂಡಿ ಹೋಯಿತು. ಡಾಕ್ಟರು ಸವೆತ ಅಂದರು. ನಾನು ಸಂಕಟ ಅಂದೆ. ಏನಾದರೂ ಆಗಲಿ, ಕ್ಲಚ್ ಒತ್ತಲು ಎಡಗಾಲು ಬರಲಿಲ್ಲ. ನಮ್ಮದು ಹಳೇ ಕಾಲದ ಲಾರಿ, ಅದರ ಕ್ಲಚ್ ಒತ್ತಲು ಒಂದು ಎತ್ತಿನ ಬಲ ಬೇಕು. ಕಬ್ಬು ಕಟಾವಿನ ಕಾಲದಲ್ಲಿ ಲಾರಿ ತುಂಬ ಕಬ್ಬು ಹೇರಿ, ಹಿಂದೆ ಒಂದು ಟ್ರೇಲರ್ ಕಟ್ಟಿ, ಅದರಲ್ಲೂ ಕಬ್ಬು ಹೇರಿ ಕಾರ್ಖಾನೆಗೆ ಎಳೆಯುವುದು ನಮ್ಮ ಕಸುಬು. ಆ ವರ್ಷ ಲಾರಿ ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತು. ನಮ್ಮ ಮಗಳು ಕವನ ನಂಜನಗೂಡಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಒಂದು ದಿನ ಬೆಳಗ್ಗೆ ಎದ್ದವಳೇ ಅಪ್ಪನ ಮುಂದೆ ನಿಂತು, ನನಗೆ ಕಲಿಸು ಅಂದಳು.

ಕಲಿಸಿದರು. ಕೊಯ್ಲಾದ ಗದ್ದೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಬೈಯದೆ, ಕೂಗದೆ ಕಲಿಸಿದರು. ನನಗೆ ಸೈಕಲ್ಲು ಕಲಿಸುವಾಗ ಊರು ಕೇಳುವ ಹಾಗೆ ಬೈದಿದ್ದ ಮನುಷ್ಯ. ಗೇರು ಕರಕರ ಅಂದರೆ, ಪರವಾಗಿಲ್ಲ ಕಣವ್ವ, ಅದಕ್ಕೂ ವಯಸ್ಸಾಗಿದೆ ಅನ್ನುವರು. ತುಂಬಿದ ಲಾರಿಯನ್ನು ಕನ್ನಡಿ ನೋಡಿಕೊಂಡೇ ಹಿಂದಕ್ಕೆ ತೆಗೆಯುವುದನ್ನು, ಟ್ರೇಲರ್ ಯಾವ ಕಡೆ ಎಳೆಯುತ್ತದೆ ಎಂದು ಸೀಟಿನಲ್ಲೇ ತಿಳಿದುಕೊಳ್ಳುವುದನ್ನು ಕಲಿಸಿದರು. ಹೆವಿ ಲೈಸೆನ್ಸು ಬಂದ ದಿನ ಸ್ವೀಟು ತಂದು ಬೀದಿಗೆಲ್ಲ ಹಂಚಿದರು. ಹೆಣ್ಣುಮಗಳ ಕೈಗೆ ಲಾರಿ ಕೊಟ್ಟೆಯಲ್ಲೋ ದೇವಣ್ಣ ಎಂದು ಕೇಳಿದವರಿಗೆ, ನಿನ್ನ ಮಗನ ಕೈಗೆ ಕೊಟ್ಟರೆ ಹಿಂದಕ್ಕೆ ತೆಗೆಯುತ್ತಾನಾ ಕೇಳು ಎಂದು ತಿರುಗಿಸಿ ಹೇಳುವರು. ಮಗ ಹೋದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ನಾನು ಒಳಗೆ ಹೋಗಿ ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟದ ಮುಂದೆ ನಿಂತು ಅತ್ತೆ.

ಹೀಗೆ ಎರಡು ಕಟಾವು ಕಳೆದವು. ಮೂರನೆಯದರ ಕೊನೆಯಲ್ಲಿ, ಚಿಕ್ಕಸ್ವಾಮಿಯವರ ಗದ್ದೆಯಿಂದ ನಾಲೆ ಏರಿ ಹತ್ತುವಾಗ ಲಾರಿಯ ಹಿಂದಿನಿಂದ ಫಟ್ ಎಂದು ಸದ್ದು ಬಂತು. ಗಾಡಿ ಅಲ್ಲೇ ನಿಂತಿತು. ಟ್ರ್ಯಾಕ್ಟರ್ ಕಟ್ಟಿ ನಂಜನಗೂಡಿಗೆ, ರಾಜೇಂದ್ರನ ಶೆಡ್ಡಿಗೆ ಎಳೆಸಿದೆವು. ರಾಜೇಂದ್ರ ನನಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು, ಕವನ ಅವನನ್ನು ಮಾವ ಅನ್ನುತ್ತಾಳೆ. ಬಿಚ್ಚಿ ನೋಡಿದರೆ ಹಲ್ಲು ಮುರಿದು ಎಣ್ಣೆಯಲ್ಲಿ ಬಿದ್ದಿದ್ದವು.

ಅವನು ನನಗೆ ತಿಳಿಯುವ ಹಾಗೆ ಹೇಳಿದ. ಇಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟಿನ ತುದಿಯಲ್ಲಿ ಒಂದು ಚಿಕ್ಕ ಹಲ್ಲಿನ ಚಕ್ರ, ಅದು ಪಿನಿಯನ್. ಅದು ತಿರುಗಿಸುವುದು ಹಿಂದಿನ ಗಾಲಿಗಳ ನಡುವೆ ಇರುವ ದೊಡ್ಡ ಚಕ್ರವನ್ನು, ಅದು ಕ್ರೌನು. ಎರಡೂ ಜೋಡಿಯಾಗಿಯೇ ಬರುತ್ತವೆ, ಜೋಡಿಯಾಗಿಯೇ ಬದಲಾಗಬೇಕು. ನಮ್ಮ ಲಾರಿಗೆ ಮೊದಲಿದ್ದ ಅಳತೆಯ ಜೋಡಿ ಎಲ್ಲೂ ಸಿಗಲಿಲ್ಲ. ಅವನ ಹತ್ತಿರ ಇದ್ದದ್ದು ಬೇರೆ ಎರಡು. ಒಂದರಲ್ಲಿ ಚಿಕ್ಕದಕ್ಕೆ ಆರು ಹಲ್ಲು, ದೊಡ್ಡದಕ್ಕೆ ನಲವತ್ತೊಂದು. ಅದನ್ನು ಹಾಕಿದರೆ ಗಾಲಿ ಒಂದು ಸುತ್ತು ಬರಲು ಶಾಫ್ಟು ಹೆಚ್ಚುಕಡಿಮೆ ಏಳು ಸುತ್ತು ತಿರುಗಬೇಕು. ಎಳೆತ ಜಾಸ್ತಿ, ಓಟ ಕಡಿಮೆ. ಇನ್ನೊಂದರಲ್ಲಿ ಏಳಕ್ಕೆ ಮೂವತ್ತೊಂಬತ್ತು. ಅದರಲ್ಲಿ ಐದೂವರೆ ಸುತ್ತು ಸಾಕು. ಓಟ ಜಾಸ್ತಿ, ಎಳೆತ ಕಡಿಮೆ. ಒಂದಕ್ಕೆ ಅವರ ಭಾಷೆಯಲ್ಲಿ ಸ್ಲೋ ಕ್ರೌನು, ಇನ್ನೊಂದಕ್ಕೆ ಸ್ಪೀಡ್ ಕ್ರೌನು. ಎರಡರ ಬೆಲೆಯೂ ಒಂದೇ.

ಯಜಮಾನರು ಯೋಚನೆಯನ್ನೇ ಮಾಡಲಿಲ್ಲ. ಕಬ್ಬು ಎಳೆಯುವ ಗಾಡಿಗೆ ಆರಕ್ಕೆ ನಲವತ್ತೊಂದೇ ಸರಿ, ಅದೂ ಈ ಮುದಿ ಇಂಜಿನ್ನಿಗೆ, ಹಿಂದೆ ಟ್ರೇಲರ್ ಬೇರೆ, ಸ್ಪೀಡ್ ಕ್ರೌನು ಹಾಕಿದರೆ ನಾಲೆ ಏರಿಯಲ್ಲಿ ಕ್ಲಚ್ ಸುಟ್ಟು ಬೂದಿಯಾಗುತ್ತದೆ ಅಂದರು. ರಾಜೇಂದ್ರನೂ ಹೂಂ ಅಂದ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

ಕವನಳ ಲೆಕ್ಕ ಬೇರೆ ಇತ್ತು. ಕಟಾವು ವರ್ಷದಲ್ಲಿ ಅರ್ಧ ಕಾಲ, ಮಿಕ್ಕರ್ಧ ಲಾರಿ ಹೊಂಗೆ ಮರಕ್ಕೆ ನೆರಳು ಕೊಡುತ್ತಾ ನಿಲ್ಲುತ್ತದೆ. ಸೋಸಲೆಯಲ್ಲಿ ನನ್ನ ತಂಗಿ ಶಿವನಂಜಮ್ಮ ಇದ್ದಾಳೆ, ಆ ಕಡೆ ಕಾವೇರಿ ದಂಡೆಯ ಬಾಳೆಕಾಯಿ ವಾರಕ್ಕೆ ಎರಡು ಲೋಡು ಕೇರಳಕ್ಕೆ ಹೋಗುತ್ತದೆ. ಆ ಲೋಡು ಹಿಡಿಯಬೇಕೆಂದು ಇವಳ ಆಸೆ. ಕಾಯಿ ಹೇರಿ ಮುಗಿಯುವುದೇ ಸಂಜೆಗೆ, ಆಮೇಲೆ ಹೊರಟು ಗೇಟಿಗೆ ಮುಂಚೆ ಕಾಡು ದಾಟಬೇಕಾದರೆ ಸ್ಲೋ ಕ್ರೌನಿನಲ್ಲಿ ಆಗುವ ಮಾತಲ್ಲ. ಕೇರಳ ಅನ್ನುವ ಮಾತು ಬಂದ ಕೂಡಲೇ ಯಜಮಾನರು ಎದ್ದು ಶೆಡ್ಡಿನ ಹೊರಗೆ ಹೋಗಿ ನಿಂತರು. ಯಾವ ದಾರಿ ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು.

ಇವಳು ಹಿಂದೆಯೇ ಹೋದಳು. ನಾನೂ ಹೋದೆ.

"ಅಪ್ಪ, ಎಳೆಯಕ್ಕೆ ಇನ್ನೊಂದು ದಾರಿ ಐತೆ. ಟ್ರೇಲರ್‌ಗೆ ಅರ್ಧ ತುಂಬ್ಕೊಂಡು ಇನ್ನೊಂದು ಟ್ರಿಪ್ ಹೊಡಿತೀನಿ. ಓಡಕ್ಕೆ ಇನ್ನೊಂದು ದಾರಿ ಇಲ್ಲ," ಅಂದಳು. "ಓಡೋ ಶಕ್ತಿ ಇರೋ ಗಾಡೀಲಿ ಅವಸರ ಇರಲ್ಲ ಅಪ್ಪ. ಅಣ್ಣಂಗೆ ಅವಸರ ಇತ್ತು. ನಾನು ಲೋಡಾದ ತಕ್ಷಣ ಹೊರಟು ನಿಧಾನಕ್ಕೆ ಹೋಗ್ತೀನಿ."

ಅಣ್ಣ ಅನ್ನುವ ಮಾತನ್ನು ಅವಳು ಅಪ್ಪನ ಮುಂದೆ ಆಡಿದ್ದು ಎಷ್ಟು ಕಾಲದ ಮೇಲೋ. ಅವರು ಮಂಡಿಯನ್ನು ತಿಕ್ಕಿಕೊಳ್ಳುತ್ತಾ ರಸ್ತೆ ನೋಡುತ್ತಿದ್ದರು. ಬೇಡ ಎಂದು ಬಾಯಿಬಿಟ್ಟು ಹೇಳಿಬಿಡಲಿ ದೇವರೇ ಎಂದು ನಾನು ಅಂದುಕೊಂಡೆ. ಸುಳ್ಳು ಯಾಕೆ, ನನಗೂ ಭಯವಿತ್ತು. ಆದರೆ ಅವರು ತಿರುಗಿ, ಮಗಳ ತಲೆಯ ಮೇಲೆ ಕೈಯಿಟ್ಟು, ರಾಜೇಂದ್ರನಿಗೂ ಕೇಳುವ ಹಾಗೆ ಹೇಳಿದರು.

"ಓಡ್ಸೋಳು ನೀನು ಕಣ್ ಮಗ. ನಿನ್ನಿಷ್ಟ."

ಕವನಳ ಮುಖ ನೋಡಬೇಕಿತ್ತು ನೀವು. ಚಿಕ್ಕವಳಾಗಿದ್ದಾಗ ಜಾತ್ರೆ ಬಲೂನು ಕೈಗೆ ಬಂದರೆ ಹಾಗೆ ಆಗುತ್ತಿತ್ತು ಆ ಮುಖ. ರಾಜೇಂದ್ರನಿಗೆ ಏಳಕ್ಕೆ ಮೂವತ್ತೊಂಬತ್ತರ ಜೋಡಿಯನ್ನು ತೋರಿಸಿ, ಇದನ್ನೇ ಹಾಕು ಮಾವ ಎಂದು ಹೇಳಿ, ಅಲ್ಲಿಂದಲೇ ಟಿ. ನರಸೀಪುರದ ಬಸ್ಸು ಹತ್ತಿದಳು. ಸೋಸಲೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬಾಳೆಕಾಯಿಯವರ ಹತ್ತಿರ ಮಾತಾಡಿಕೊಂಡು ಬರುತ್ತೇನೆ ಅಂದಳು. ನಾನು ಅಂಗನವಾಡಿಗೆ ಬಂದೆ. ಯಜಮಾನರು ಶೆಡ್ಡಿನಲ್ಲೇ ಉಳಿದರು.

ಮುಂದಿನ ಭಾನುವಾರ ಮೊದಲ ಲೋಡು. ಖಾಲಿ ಲಾರಿ ತೆಗೆದುಕೊಂಡು ಸೋಸಲೆಗೆ ಹೋಗಿ, ತುಂಬಿಸಿಕೊಂಡು ಸಂಜೆ ಕೇರಳದ ಕಡೆ ಹೊರಡುವುದೆಂದು ಮಾತು. ಸೋಸಲೆತನಕ ನಾನೂ ಬರುತ್ತೇನೆ, ತಂಗಿಯನ್ನು ನೋಡಿದ ಹಾಗೂ ಆಯಿತು ಎಂದು ಹತ್ತಿಕೊಂಡೆ. ಯಜಮಾನರು ಲಾರಿಯ ಗ್ಲಾಸು ಒರೆಸಿ, ಟೈರು ತಟ್ಟಿ ನೋಡಿ, ಹುಷಾರು ಅಂದರು. ಮಗಳ ಮುಖ ನೋಡಿ ಹೇಳಲಿಲ್ಲ. ಮಂಡಿನೋವಿರಬೇಕು ಎಂದುಕೊಂಡೆ ನಾನು, ಪೆದ್ದಿ.

ಊರೊಳಗಿನ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ನಂಜನಗೂಡು ದಾಟಿ ನರಸೀಪುರದ ರಸ್ತೆಗೆ ಬಿದ್ದ ಮೇಲೆ ಕವನ ಮಾತು ನಿಲ್ಲಿಸಿದಳು. ಅಲ್ಲಿಯತನಕ ಬಾಳೆಕಾಯಿ ಸಾಬರು ಹೇಗೆ ಚೌಕಾಸಿ ಮಾಡಿದರು ಎಂದು ನಗಿಸುತ್ತಿದ್ದಳು. ದೊಡ್ಡ ಗೇರಿಗೆ ಹಾಕಿದಳು, ಕಾಲು ಒತ್ತಿದಳು. ಇಂಜಿನ್ನು ಅರಚಿಕೊಂಡಿತು, ಗಾಡಿ ಮಾತ್ರ ಅಷ್ಟಕ್ಕಷ್ಟೇ. ನಲವತ್ತೈದು ದಾಟಲು ಒದ್ದಾಡಿತು. ಐವತ್ತಕ್ಕೆ ಕ್ಯಾಬಿನ್ನೆಲ್ಲ ನಡುಗಿತು. ಒಂದು ಸ್ಕೂಟಿ ನಮ್ಮನ್ನು ಹಿಂದೆ ಹಾಕಿತು, ಅದರ ಹಿಂದಿನ ಸೀಟಿನಲ್ಲಿ ಅಜ್ಜಿಯೊಬ್ಬರು ಕಾಲು ಒಂದೇ ಕಡೆ ಹಾಕಿಕೊಂಡು ಕೂತಿದ್ದರು. ನಾನು ನಕ್ಕೆ. ಇವಳು ನಗಲಿಲ್ಲ.

ಲಾರಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಇಂಜಿನ್ನು ಆಫ್ ಮಾಡಿದಳು. ಆಮೇಲೆ ರಾಜೇಂದ್ರನಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಮಾವ, ಯಾವ ಕ್ರೌನು ಹಾಕಿದ್ದು ಎಂದು ಕೇಳಿದಳು.

"ಆರಕ್ಕೆ ನಲ್ವತ್ತೊಂದು ಕಣವ್ವ. ನೀನೇ ಮನಸ್ಸು ಬದ್ಲಾಯಿಸ್ದೆ ಅಂತ ನಿಮ್ಮಪ್ಪ ಏಳ್ದ. ಯಾಕೆ, ನಿಂಗೊತ್ತಿಲ್ವ?"

ಗೊತ್ತು ಮಾವ, ಸುಮ್ಮನೆ ಕೇಳಿದೆ ಎಂದು ಫೋನು ಇಟ್ಟಳು. ಅಪ್ಪನ ಮಾನ ಕಾಪಾಡಿದಳು ನನ್ನ ಮಗಳು, ಆ ಗಳಿಗೆಯಲ್ಲೂ. ನನಗೆ ಮೈ ಉರಿದುಹೋಯಿತು. ಈಗಲೇ ಫೋನು ಮಾಡಿ ಆ ಮನುಷ್ಯನ ಚಳಿ ಬಿಡಿಸುತ್ತೇನೆ ಎಂದೆ. ಬೇಡ ಕಣಮ್ಮ ಎಂದು ನನ್ನ ಕೈಯಿಂದ ಫೋನು ತೆಗೆದಿಟ್ಟಳು.

ಅಲ್ಲಿಂದ ಮನೆಗೆ ವಾಪಸು ತಿರುಗಿಸುತ್ತಾಳೆ ಎಂದುಕೊಂಡೆ. ತಿರುಗಿಸಲಿಲ್ಲ. ಅದೇ ನಲವತ್ತರಲ್ಲಿ ಸೋಸಲೆಗೆ ಹೋದಳು. ಕಾಯಿ ಕಡಿದು, ಎಲೆ ಹಾಸಿ, ಲೋಡಿಗೆ ಕಾಯುತ್ತಿದ್ದವರ ಮುಂದೆ ನಿಂತು, ನನ್ನ ಗಾಡಿ ಹೊತ್ತಿಗೆ ಸರಿಯಾಗಿ ಗೇಟು ಮುಟ್ಟುವುದಿಲ್ಲ, ಬೇರೆ ಗಾಡಿ ನೋಡಿಕೊಳ್ಳಿ, ತಪ್ಪಾಯಿತು ಎಂದು ಕೈಮುಗಿದಳು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ಮಾತು ಕೊಟ್ಟವರ ಮುಂದೆ ನಿಂತೇ ಹೇಳಬೇಕಮ್ಮ ಅಂದಳು. ಅವರು ಬೈದರು. ನಿಂತು ಬೈಸಿಕೊಂಡಳು. ಹೆಂಗಸರನ್ನು ನಂಬಿದರೆ ಇಷ್ಟೇ ಎಂದು ಅಲ್ಲೊಬ್ಬ ಹೇಳಿದ್ದು ನನ್ನ ಕಿವಿಗೂ ಬಿತ್ತು. ಶಿವನಂಜಮ್ಮ ಊಟಕ್ಕೆ ಕರೆದರೂ ಹೋಗದೆ ಲಾರಿ ಹತ್ತಿದಳು.

ಮನೆ ಮುಂದೆ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ಇಷ್ಟು ಬೇಗ ಬಂದದ್ದು ಕಂಡೇ ಅವರಿಗೆ ತಿಳಿಯಿತು. ಕವನ ಇಳಿದು ಬಂದು ಅವರ ಎದುರು ನೆಲದ ಮೇಲೆ ಕೂತಳು. ಜಗಳ ಆಡುತ್ತಾಳೆ, ಕೂಗುತ್ತಾಳೆ ಎಂದು ನಾನು ಕಾದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೆ. ಅವಳು ದನಿ ಕೂಡ ಎತ್ತಲಿಲ್ಲ.

"ಬ್ಯಾಡ ಅನ್ನಬೇಕಿತ್ತು ನೀನು. ನನ್ನ ಮುಖ ನೋಡಿ, ಬ್ಯಾಡ ಕಣ್ ಮಗ ಅಂತ ಒಂದೇ ಒಂದು ಮಾತು."

"ಅಂದಿದ್ರೆ ನೀ ಕೇಳ್ತಿದ್ದ್ಯ?"

"ಕೇಳ್ತಿದ್ದೆ ಅಪ್ಪ."

ಅವರು ತಲೆ ತಗ್ಗಿಸಿದರು. ಅದು ನಿಜವೆಂದು ಅವರಿಗೆ ಆಗ ತಿಳಿಯಿತು. ತಮ್ಮ ಭುಜವನ್ನು ತಾವೇ ಮುಟ್ಟಿಕೊಂಡು ಹೇಳಿದರು.

"ಒಂದ್ ಮಗೀನ ಒತ್ಕಂಡ್ ಓದ ಎಗ್ಲು ಕಣವ್ವ ಇದು. ಇನ್ನೊಂದ್ಕಿತ ಒರಕ್ಕೆ ನನ್ ಕೈಲಿ ಆಗಕಿಲ್ಲ."

ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಕವನಳ ಕಣ್ಣಲ್ಲೂ ನೀರಿತ್ತು. ಎದ್ದು ಅಪ್ಪನ ಮಂಡಿಯನ್ನು ಒಂದು ಸಲ ಮುಟ್ಟಿದಳು.

"ನನಗೆ ಕಲಿಸ್ದೋನು ನೀನು. ನೀನು ಕಲಿಸಿದ್ದರ ಮೇಲೆ ನಿಂಗೇ ನಂಬಿಕೆ ಇಲ್ಲ ಅಂದ್ಮೇಲೆ ಆ ಸೀಟಲ್ಲಿ ನಾನು ಹೆಂಗೆ ಕೂತ್ಕೊಳ್ಳಲಿ," ಎಂದು ಲಾರಿಯ ಕೀಲಿಯನ್ನು ಅವರ ಪಕ್ಕದಲ್ಲಿಟ್ಟು ಒಳಗೆ ಹೋದಳು.

ವಾರದೊಳಗೆ ಮೈಸೂರಿನ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಕಂಟೇನರ್ ಲಾರಿ ಓಡಿಸುವ ಕೆಲಸ ಹಿಡಿದಳು. ಆರು ಹೆಣ್ಣುಮಕ್ಕಳನ್ನು ತೆಗೆದುಕೊಂಡರಂತೆ, ಅವರಲ್ಲಿ ಇವಳೂ ಒಬ್ಬಳು. ಕೇರಳದ ಲೈನು, ಅದೇ ಬಂಡೀಪುರದ ದಾರಿ. ಯಾವುದನ್ನು ತಪ್ಪಿಸಲು ಇವರು ಸುಳ್ಳು ಹೇಳಿದರೋ ಅದೇ ಆಯಿತು, ಅದೂ ನಮ್ಮ ಕಣ್ಣಿನಿಂದ ದೂರದಲ್ಲಿ. ಆ ವಾರವೆಲ್ಲ ನಾನು ಯಜಮಾನರ ಹತ್ತಿರ ಮಾತು ಬಿಟ್ಟೆ. ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಒಂದು ಮಾತೂ ಆಡದೆ ಉಂಡೆದ್ದರು. ಅದನ್ನು ನೋಡಿ ನನಗೇ ಕರುಳು ಕಿತ್ತುಬಂದು ಮಾರನೆಯ ದಿನದಿಂದ ಉಪ್ಪು ಹಾಕಿದೆ.

ಮಗಳು ನನಗೆ ದಿನಾ ಫೋನು ಮಾಡುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ನಂಜನಗೂಡು ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಕಾಫಿ ಕುಡಿಸುತ್ತಿದ್ದಳು. ಮನೆಗೆ ಬಾ ಎಂದರೆ ಬರ್ತೀನಮ್ಮ ಅನ್ನುವಳು, ಬರುತ್ತಿರಲಿಲ್ಲ. ಅಪ್ಪನ ಮಂಡಿ ಹೇಗಿದೆ ಎಂದು ಮಾತ್ರ ಕೇಳುವಳು. ಯಜಮಾನರಿಗೆ ಫೋನು ಕೊಡಲು ಹೋದರೆ ಕೈ ಆಡಿಸಿಬಿಡುವರು. ಮುಂದೆ ನಿಂತು ಹೇಳಬೇಕಾದ್ದನ್ನು ಹೇಳದೆ ಕಳೆದುಕೊಂಡಿದ್ದೇನೆ, ಇದನ್ನಾದರೂ ಮುಂದೆ ನಿಂತೇ ಹೇಳುತ್ತೇನೆ, ಅವಳು ಬರಲಿ ಅನ್ನುವರು. ಇದು ಅಂದರೆ ಏನೆಂದು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು. ಆ ಮನುಷ್ಯ ಹುಟ್ಟಿದಾಗಿನಿಂದ ಯಾರಿಗೂ ತಪ್ಪಾಯಿತು ಅಂದವರಲ್ಲ, ಅದಕ್ಕೆ ಬಾಯಿ ಪಳಗಿಸಿಕೊಳ್ಳುತ್ತಿದ್ದರು.

ಕಟಾವು ಬಂತು. ಬೇರೆ ಡ್ರೈವರು ಬೇಡವೆಂದು ತಾವೇ ಮಂಡಿಗೆ ಪಟ್ಟಿ ಸುತ್ತಿಕೊಂಡು ಸೀಟಿಗೆ ಹತ್ತಿದರು. ಲಾರಿ ಎಳೆದದ್ದು ಹೇಗೆ ಅಂತೀರಿ. ಚಿಕ್ಕಸ್ವಾಮಿಯವರ ಗದ್ದೆಯಿಂದ, ಟ್ರೇಲರ್ ತುಂಬಿದ್ದರೂ, ನಾಲೆ ಏರಿಯನ್ನು ಒಂದೇ ಉಸಿರಿಗೆ ಹತ್ತಿತು. ಟ್ರ್ಯಾಕ್ಟರಿನವರೆಲ್ಲ ನಿಂತು ನೋಡಿದರು. ಎಂಥ ಕ್ರೌನು ಹಾಕಿಸಿದ್ದೀಯ ದೇವಣ್ಣ, ನಿನ್ನ ತಲೆಯೇ ತಲೆ ಎಂದು ಚಿಕ್ಕಸ್ವಾಮಿ ಬೆನ್ನು ತಟ್ಟಿದರು. ಯಜಮಾನರು ಇಳಿದು ಹೋಗಿ ನಾಲೆಯ ನೀರಿನಲ್ಲಿ ಮುಖ ತೊಳೆದುಕೊಂಡರು, ತುಂಬಾ ಹೊತ್ತು ತೊಳೆದುಕೊಂಡರು.

ಕಟಾವು ಮುಗಿಯುವ ಹೊತ್ತಿಗೆ ಮಗಳು ಇನ್ನೊಂದು ಸುದ್ದಿ ಹೇಳಿದಳು. ಕಂಪನಿಯವರು ಅವಳನ್ನು ಗುಜರಾತಿನ ಲೈನಿಗೆ ಹಾಕಿದ್ದಾರೆ. ಇನ್ನು ಇರುವುದು ಆ ಕಡೆಯೇ, ರೂಮೂ ಅಲ್ಲೇ ಕೊಡುತ್ತಾರೆ. ಭಾನುವಾರ ಕೇರಳದಿಂದ ಬರುವುದು ಈ ಕಡೆಯ ಕೊನೆಯ ಟ್ರಿಪ್ಪು, ರಾತ್ರಿಯೇ ಹೊಸ ಗಾಡಿ ಹತ್ತಬೇಕು, ಮನೆಗೆ ಬರಲು ಆಗುವುದಿಲ್ಲ ಅಂದಳು. ನಾನು ಯಜಮಾನರಿಗೆ ಹೇಳಿದೆ. ಹೂಂ ಅಂದರು, ಅಷ್ಟೇ.

ಆ ಭಾನುವಾರ ಕಾರ್ಖಾನೆಗೆ ಕೊನೆಯ ಲೋಡು. ನನ್ನನ್ನೂ ಬಾ ಅಂದರು. ಕಬ್ಬು ಇಳಿಸಿ, ಖಾಲಿ ಲಾರಿ, ಖಾಲಿ ಟ್ರೇಲರ್ ಎಳೆದುಕೊಂಡು ಗುಂಡ್ಲುಪೇಟೆ ಹೆದ್ದಾರಿಯಲ್ಲಿ ನಂಜನಗೂಡಿನ ಕಡೆ ಬರುತ್ತಿದ್ದೆವು. ಬಿಸಿಲು ಇಳಿದಿತ್ತು. ಇವರು ಇದ್ದಕ್ಕಿದ್ದ ಹಾಗೆ ಮಾತು ತೆಗೆದರು. ರಾಜೇಂದ್ರನ ಹತ್ತಿರ ಏಳಕ್ಕೆ ಮೂವತ್ತೊಂಬತ್ತು ಇನ್ನೂ ಇದೆಯಂತೆ, ನಾಳೆಯೇ ಹಾಕಿಸುತ್ತೇನೆ ಅಂದರು. ಇವತ್ತು ನಂಜನಗೂಡಿಗೆ ಹೋಗಿ ರಸ್ತೆಯಲ್ಲೇ ನಿಂತುಕೊಳ್ಳೋಣ, ಅವಳ ಗಾಡಿ ಬಂದಾಗ ಕೈ ಅಡ್ಡ ಹಾಕುತ್ತೇನೆ, ಮುಂದೆ ನಿಂತು ಹೇಳುತ್ತೇನೆ, ಕಾಲಿಗೆ ಬೀಳು ಅಂದರೂ ಬೀಳುತ್ತೇನೆ ಅಂದರು. ಅದಕ್ಕೇ ನನ್ನನ್ನು ಕರೆದುಕೊಂಡು ಬಂದದ್ದು. ಒಬ್ಬರೇ ನಿಲ್ಲಲು ಧೈರ್ಯ ಸಾಲದೆ. ನನ್ನ ಮೈ ಹಗುರವಾಯಿತು. ಅಂತೂ ಬುದ್ಧಿ ಬಂತಲ್ಲ, ಬೇಗ ನಡೀರಿ ಮತ್ತೆ ಎಂದೆ.

ಆಗಲೇ ಹಿಂದಿನಿಂದ ಉದ್ದ ಹಾರ್ನು ಕೇಳಿತು. ಒಂದು ಕಂಟೇನರ್ ನಮ್ಮನ್ನು ಹಿಂದೆ ಹಾಕಲು ಬಲಕ್ಕೆ ಬಂತು. ನಮ್ಮ ಕಿಟಕಿಯ ಸಮಕ್ಕೆ ಬಂದಾಗ ನೋಡಿದೆ. ಸ್ಟೇರಿಂಗ್ ಹಿಡಿದವಳು ಕವನ. ಅವಳೂ ನಮ್ಮನ್ನು ನೋಡಿದಳು, ಅಪ್ಪನನ್ನೂ ನೋಡಿದಳು. ಒಂದು ಕೈ ಎತ್ತಿದಳು. ಅವಳ ಹಿಂದೆ ಬಸ್ಸೊಂದು ಹಾರ್ನು ಬಡಿಯುತ್ತಿತ್ತು, ಎದುರಿನಿಂದ ಗಾಡಿಗಳು ಬರುತ್ತಿದ್ದವು, ನಿಲ್ಲಿಸುವ ಜಾಗವಲ್ಲ ಅದು. ಮುಂದೆ ಹೋದಳು.

ಯಜಮಾನರು ಹಾರ್ನು ಒತ್ತಿ ಹಿಡಿದರು, ಲೈಟು ಹಾಕಿ ತೆಗೆದು ಮಾಡಿದರು. ಅವಳು ಅದನ್ನು ಹೋಗಿ ಬಾ ಅಂದರು ಎಂದುಕೊಂಡಿರಬೇಕು, ತಾನೂ ಒಂದು ಸಲ ಹಾರ್ನು ಮಾಡಿದಳು. ಬಸ್ಸೂ ನಮ್ಮನ್ನು ದಾಟಿತು. ಇವರು ಆ್ಯಕ್ಸಿಲರೇಟರನ್ನು ನೆಲಕ್ಕೆ ಒತ್ತಿದರು. ಇಂಜಿನ್ನು ಕಿರುಚಿತು. ನಲವತ್ತೈ​ದು, ಐವತ್ತು. ಹಿಂದೆ ಟ್ರೇಲರ್ ಧಡಧಡ ಕುಣಿಯಿತು, ಕ್ಯಾಬಿನ್ನಿನ ಬಾಗಿಲು ಕಿತ್ತು ಬೀಳುವ ಹಾಗೆ ಅಲುಗಾಡಿತು. ಅದಕ್ಕಿಂತ ಒಂದು ಗೆರೆ ಮೇಲೆ ಹೋಗಲಿಲ್ಲ. ಮೈಯಲ್ಲಿದ್ದ ಬಲವನ್ನೆಲ್ಲ ಕಾಲಿಗೆ ಹಾಕಿದ್ದರು ಅವರು. ಕುತ್ತಿಗೆಯ ನರ ಉಬ್ಬಿತ್ತು. ಕಂಟೇನರ್ ಚಿಕ್ಕದಾಗುತ್ತಾ ಹೋಯಿತು. ಅವಳು ಜೋರಾಗಿ ಕೂಡ ಹೋಗುತ್ತಿರಲಿಲ್ಲ. ಎಡಗಡೆ ಹಿಡಿದುಕೊಂಡು, ಮುಂದಿನ ಗಾಡಿಗೆ ಅಂತರ ಬಿಟ್ಟುಕೊಂಡು, ನಿಧಾನವಾಗಿ, ಅಪ್ಪ ಕಲಿಸಿದ ಹಾಗೇ ಓಡಿಸುತ್ತಿದ್ದಳು. ಆ ನಿಧಾನವನ್ನು ಹಿಡಿಯಲು ನಮ್ಮ ಕೈಲಾಗಲಿಲ್ಲ.

"ಬುಡಿ ಸಾಕು ಹೇಮಂತನಪ್ಪ, ಇಂಜಿನ್ ಹೋಯ್ತದೆ," ಎಂದೆ.

ಬಿಡಲಿಲ್ಲ. ಇಷ್ಟು ತಿಂಗಳು ಫೋನು ಮುಟ್ಟದ ಮನುಷ್ಯ, ರಸ್ತೆಯಿಂದ ಕಣ್ಣು ತೆಗೆಯದೆ, ಫೋನು ಮಾಡು ಮಹದೇವಿ, ನಿಲ್ಲಿಸಕ್ಕೆ ಹೇಳು ಎಂದರು. ಮಾಡಿದೆ. ಸ್ಪೀಕರ್ ಹಾಕಿ ಅವರ ಕಡೆ ಹಿಡಿದೆ. ರಿಂಗಾಯಿತು. ನಿಂತಿತು. ಮತ್ತೆ ಮಾಡಿದೆ. ಮತ್ತೆ ಪೂರ್ತಿ ರಿಂಗಾಗಿ ನಿಂತಿತು.

"ಎತ್ತಕಿಲ್ಲ ಅವ್ಳು," ಅಂದರು. "ಗಾಡಿ ಓಡ್ಸೋವಾಗ ಯಾರು ಮಾಡುದ್ರೂ ಎತ್ತಬ್ಯಾಡ, ನಾನು ಮಾಡುದ್ರೂ ಎತ್ತಬ್ಯಾಡ ಅಂತ ನಾನೇ ಏಳ್ಕೊಟ್ಟಿದ್ದು."

ಮುಂದೆ ರಸ್ತೆ ತಿರುಗಿತು. ಆ ತಿರುವಿನಲ್ಲಿ ಕಂಟೇನರ್ ಕಾಣದಾಯಿತು. ಅವರ ಕಾಲು ಮಾತ್ರ ಇನ್ನೂ ಒತ್ತಿಕೊಂಡೇ ಇತ್ತು.